ಹತ್ತೊಂಬತ್ತನೆಯ ಸ್ಥಾನ



ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಧಾರವಾಡದ ಕಡೆಗೆ ಮುಖ ಮಾಡಿ ನಿಂತಿದ್ದೀರಿ ಎಂದು ಭಾವಿಸಿಕೊಳ್ಳಿ. ಅಲ್ಲಿಂದ ಓಡಲು ಆರಂಭಿಸಿ. ಉಣಕಲ್ ಕೆರೆ, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ದಾಟಿ ಧಾರವಾಡದ ಜ್ಯುಬಿಲಿ ವೃತ್ತವನ್ನು ಮುಟ್ಟಿ. ಅದು ಸುಮಾರು 20 ಕಿಲೋಮೀಟರ್ ದಾರಿ. ನಿಲ್ಲಬೇಡಿ, ಕೂಡಬೇಡಿ. ಬಂದ ದಾರಿಯಲ್ಲೇ ತಿರುಗಿ ಓಡಿ. ಮತ್ತೆ ಚೆನ್ನಮ್ಮ ವೃತ್ತಕ್ಕೆ ಬಂದಾಗಲೂ ನಿಮ್ಮ ಓಟ ಮುಗಿದಿರುವುದಿಲ್ಲ. ಇನ್ನೂ ಎರಡೂಮುಕ್ಕಾಲು ಕಿಲೋಮೀಟರ್ ಉಳಿದಿರುತ್ತದೆ. ಇಷ್ಟೆಲ್ಲವನ್ನೂ ಮೂರು ಗಂಟೆಯೊಳಗೆ ಮುಗಿಸಬೇಕು.

ಸಾಧ್ಯವೇ? ಸಾಧ್ಯ ಎಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ನಮ್ಮ ನೆರೆಯ ಬೆಳಗಾವಿಯ ತರುಣನೊಬ್ಬ ತೋರಿಸಿಕೊಟ್ಟಿದ್ದಾನೆ. 1920ರ ಆಗಸ್ಟ್ 22, ರವಿವಾರ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರ. ಒಲಿಂಪಿಕ್ ಕ್ರೀಡಾಕೂಟದ ಮ್ಯಾರಥಾನ್ ಓಟ. ಅಂದು ಆ ತರುಣ ಓಡಿದ ದೂರ 42.75 ಕಿಲೋಮೀಟರ್. ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಗಳಿಸಿದ ಸ್ಥಾನ ಹತ್ತೊಂಬತ್ತನೆಯದು. ಹೆಸರು ಫಡೆಪ್ಪ ದರೆಪ್ಪ ಚೌಗುಲೆ.

‘ಹತ್ತೊಂಬತ್ತನೆಯದೇ? ಹಾಗಾದರೆ ಪದಕ ಬರಲಿಲ್ಲ’ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಮೊದಲ ಬಾರಿ ಈ ಅಂಕಿಯನ್ನು ಓದಿದಾಗ ನನಗೂ ಹಾಗೆಯೇ ಅನ್ನಿಸಿತ್ತು. ಆ ಅನಿಸಿಕೆ ಏಕೆ ತಪ್ಪು ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಘಟಕವಿಲ್ಲದ ಅಂಕಿ

ಮೊದಲು ಒಂದು ಸ್ವಂತ ಅನುಭವ. ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸರಳ ಲೋಲಕ ತೂಗಿಬಿಟ್ಟು ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗ ನಡೆದಿತ್ತು. ಬಹಳ ಶ್ರಮಪಟ್ಟು ಲೆಕ್ಕ ಮಾಡಿ, ಕೊನೆಗೆ 978 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಹೆಮ್ಮೆಯಿಂದ ಪುಸ್ತಕ ಒಪ್ಪಿಸಿದೆ. ಗುರುಗಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ಏನಪಾ, 978 ಅಂದ್ರ ಏನು? ಬದನಿಕಾಯೇನು?’ ಎಂದರು. ಇಡೀ ತರಗತಿ ನಕ್ಕಿತು. ಸೆಂಟಿಮೀಟರ್, ಸೆಕೆಂಡು ಎಂಬ ಘಟಕಗಳನ್ನು ಬರೆಯುವುದನ್ನು ನಾನು ಮರೆತಿದ್ದೆ. ಘಟಕವಿಲ್ಲದ ಅಂಕಿ ಸುಳ್ಳಲ್ಲ. ಆದರೆ ಅದು ಏನನ್ನೂ ಹೇಳುವುದಿಲ್ಲ.

ಮುಂದೆ ನಾನು ಭೌತಶಾಸ್ತ್ರ ಬಿಟ್ಟು ದೂರದರ್ಶನದ ಕೆಲಸಕ್ಕೆ ಬಂದೆ. ಆದರೆ ಆ ಬದನೆಕಾಯಿ ನನ್ನ ಬೆನ್ನು ಬಿಡಲಿಲ್ಲ. ಇತಿಹಾಸದಲ್ಲಿಯೂ ಘಟಕಗಳಿವೆ ಎಂಬುದು ಕ್ರಮೇಣ ತಿಳಿಯಿತು. ಯಾವ ಕಾಲ, ಯಾವ ದಾರಿ, ಯಾರ ಆಡಳಿತ, ಯಾವ ಊಟ, ಎಷ್ಟು ತರಬೇತಿ ಎಂಬಿವೇ ಆ ಘಟಕಗಳು. ಇವುಗಳನ್ನು ಬಿಟ್ಟು ‘19’ ಎಂದಷ್ಟೇ ಬರೆದರೆ ಅದೂ ಒಂದು ಬದನೆಕಾಯಿಯೇ. ಬನ್ನಿ, ಚೌಗುಲೆಯವರ ಅಂಕಿಗೆ ಅದರ ಘಟಕಗಳನ್ನು ಒಂದೊಂದಾಗಿ ಸೇರಿಸೋಣ.

ಒಂದು ಹೆಸರಿನೊಳಗಿನ ನಾಡು

ಅವರ ಹೆಸರಿನಿಂದಲೇ ಆರಂಭಿಸಬಹುದು. ಫಡೆಪ್ಪ, ದರೆಪ್ಪ. ಕೊನೆಗೆ ‘ಅಪ್ಪ’ ಇರುವ ಇಂಥ ಹೆಸರುಗಳು ಬೆಳಗಾವಿ, ಧಾರವಾಡ, ವಿಜಯಪುರದ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಕೇಳಿಬರುತ್ತವೆ. ಚೌಗುಲೆ ಎಂಬ ಅಡ್ಡಹೆಸರಾದರೋ ಕನ್ನಡಿಗರಲ್ಲೂ ಮರಾಠಿಗರಲ್ಲೂ ಇದೆ. ಹಿಂದೆ ದಖ್ಖನ್ನಿನ ಹಳ್ಳಿಗಳಲ್ಲಿ ಪಾಟೀಲನಿಗೆ ನೆರವಾಗುತ್ತಿದ್ದ ಗ್ರಾಮಾಧಿಕಾರಿಗೆ ಚೌಗುಲಾ ಎಂದು ಕರೆಯುತ್ತಿದ್ದರು. ಎರಡು ಭಾಷೆಗಳು ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುವ ಗಡಿನಾಡಿನ ಗುರುತು ಈ ಒಂದೇ ಹೆಸರಿನೊಳಗೆ ಅಡಗಿದೆ.

1920ರಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ ಎಂಬುದು ನಿಮಗೆ ಗೊತ್ತಿದೆ. ಬೆಳಗಾವಿ, ಧಾರವಾಡ, ಬಿಜಾಪುರ ಮತ್ತು ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇವೆಲ್ಲ ಒಂದು ರಾಜ್ಯದಲ್ಲಿ ಕೂಡಿದ್ದು 1956ರ ನವೆಂಬರ್ 1ರಂದು. ಚೌಗುಲೆ ಓಡಿದ ಕಾಲದಲ್ಲಿ ಬೆಳಗಾವಿಯ ಹುಡುಗನಿಗಾಗಲಿ ಹುಬ್ಬಳ್ಳಿಯ ಹುಡುಗನಿಗಾಗಲಿ ದೊಡ್ಡ ಊರು ಎಂದರೆ ಬೆಂಗಳೂರಲ್ಲ, ಪುಣೆ ಮತ್ತು ಮುಂಬಯಿ. ಹುಬ್ಬಳ್ಳಿಯಿಂದ ಧಾರವಾಡ, ಲೋಂಡಾ, ಬೆಳಗಾವಿ, ಮಿರಜ್ ಮಾರ್ಗವಾಗಿ ಪುಣೆಗೆ ಹೋಗುವ ಮೀಟರ್ ಗೇಜ್ ರೈಲು ನಮ್ಮ ಭಾಗದವರಿಗೆ ಹೊರಜಗತ್ತಿನ ಬಾಗಿಲಾಗಿತ್ತು. ಓದು, ನೌಕರಿ, ನಾಟಕ, ಸಂಗೀತ, ಕುಸ್ತಿ ಎಲ್ಲಕ್ಕೂ ಅದೇ ದಾರಿ. ಓಟಕ್ಕೂ ಅದೇ ದಾರಿಯಾಯಿತು.

ಆ ದಿನಗಳನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. 1918ರಲ್ಲಿ ಮಳೆ ಕೈಕೊಟ್ಟಿತ್ತು. ಅದೇ ವರ್ಷ ಇನ್‌ಫ್ಲುಯೆಂಜಾ ಮಹಾಮಾರಿ ಬಂತು. ಮುಂಬಯಿ ಪ್ರಾಂತವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಲೆಕ್ಕ. ಧಾನ್ಯ ತುಟ್ಟಿಯಾಗಿತ್ತು. ಅಂಥ ಎರಡು ವರ್ಷಗಳನ್ನು ಕಳೆದು ಬಂದ ನಾಡಿನಿಂದ ಒಬ್ಬ ತರುಣ ಜಗತ್ತಿನ ಅತಿ ಉದ್ದದ ಒಲಿಂಪಿಕ್ ಓಟಕ್ಕೆ ಹೊರಟ. ಇದು ನಮ್ಮ ಅಂಕಿಗೆ ಸೇರಬೇಕಾದ ಮೊದಲನೆಯ ಘಟಕ.

ಪುಣೆಯ ಮೈದಾನ

ಪುಣೆಯಲ್ಲಿ 1906ರಲ್ಲಿ ಡೆಕ್ಕನ್ ಜಿಮ್‌ಖಾನಾ ಎಂಬ ಕ್ರೀಡಾಸಂಸ್ಥೆ ಹುಟ್ಟಿಕೊಂಡಿತ್ತು. ಉದ್ಯಮಿ ಸರ್ ದೊರಾಬ್ಜಿ ಟಾಟಾ ಅದರ ಅಧ್ಯಕ್ಷರಾದರು. ಜಮ್ಷೇಟ್‌ಜಿ ಟಾಟಾ ಅವರ ಹಿರಿಯ ಮಗನಾದ ದೊರಾಬ್ಜಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಿದವರು. ಅಲ್ಲಿಯ ಆಟೋಟಗಳ ರುಚಿ ಹತ್ತಿಸಿಕೊಂಡು ಬಂದವರು. ಪುಣೆಯಲ್ಲಿ ನಡೆದ ಕ್ರೀಡಾಕೂಟದಲ್ಲಿ ಅವರು ಕಂಡ ನೋಟ ಅವರನ್ನು ಬೆರಗುಗೊಳಿಸಿತು. ದೂರದ ಓಟಕ್ಕೆ ಬಂದಿದ್ದವರಲ್ಲಿ ಬಹುಮಂದಿ ರೈತರು. ಕಾಲಲ್ಲಿ ಬೂಟಿಲ್ಲ, ಹೇಳಿಕೊಡುವ ಗುರುವಿಲ್ಲ, ಓಟದ ನಿಯಮಗಳ ಪರಿಚಯವೂ ಅಷ್ಟಕ್ಕಷ್ಟೆ. ಆದರೂ ಅವರ ಸಮಯವನ್ನು ಗಡಿಯಾರದಲ್ಲಿ ನೋಡಿದರೆ ಅದು ಅಂದಿನ ಯುರೋಪಿನ ಓಟಗಾರರ ಸಮಯಕ್ಕೆ ಬಹಳ ದೂರವಿರಲಿಲ್ಲ.

ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದ ಸರ್ ಜಾರ್ಜ್ ಲಾಯ್ಡ್ ಅವರ ಮುಂದೆ ದೊರಾಬ್ಜಿ ಒಂದು ವಿಚಾರವನ್ನಿಟ್ಟರು. ಭಾರತದಿಂದ ಒಂದು ತಂಡವನ್ನು ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಕಳುಹಿಸಬಾರದೇಕೆ? ಗವರ್ನರ್ ಒಪ್ಪಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅನುಮತಿಯೂ ದೊರೆಯಿತು. ಹಣ ಕೂಡಿಸಲಾಯಿತು, ಅದರಲ್ಲಿ ದೊರಾಬ್ಜಿಯವರದೂ ದೊಡ್ಡ ಪಾಲು. ಹೀಗೆ ಆರು ಜನರ ತಂಡ ಸಿದ್ಧವಾಯಿತು.

ಆ ಆರು ಹೆಸರುಗಳನ್ನು ನೀವು ಒಮ್ಮೆ ಗಟ್ಟಿಯಾಗಿ ಓದಬೇಕೆಂದು ನನ್ನ ಆಸೆ. ಪೂರ್ಮಾ ಬ್ಯಾನರ್ಜಿ, ಫಡೆಪ್ಪ ಚೌಗುಲೆ, ಸದಾಶಿವ ದಾತಾರ್, ಕೈಕಾಡಿ ಇವರು ಓಟಗಾರರು. ಕುಮಾರ್ ನವಲೆ ಮತ್ತು ರಣಧೀರ್ ಶಿಂಧೆ ಕುಸ್ತಿಪಟುಗಳು. 1900ರ ಪ್ಯಾರಿಸ್ ಕೂಟದಲ್ಲಿ ಕಲ್ಕತ್ತೆಯ ನಾರ್ಮನ್ ಪ್ರಿಚರ್ಡ್ ಓಡಿ ಎರಡು ಬೆಳ್ಳಿ ಪದಕ ಗೆದ್ದದ್ದು ನಿಜ. ಆದರೆ ಭಾರತದಿಂದ ತಂಡವೆಂದು ಆಯ್ಕೆಯಾಗಿ ಹೋದದ್ದು 1920ರಲ್ಲೇ ಮೊದಲು. ಇವರಲ್ಲಿ ಸದಾಶಿವ ದಾತಾರರ ಹೆಸರು ಕೆಲವು ಪಟ್ಟಿಗಳಲ್ಲಿ ‘ಸದಾಶಿರ್’ ಎಂದು ಅಚ್ಚಾಗಿದೆ. ದೂರದ ದೇಶದ ಗುಮಾಸ್ತನೊಬ್ಬನಿಗೆ ‘ವ’ಕಾರ ‘ರ’ಕಾರವಾಗಿ ಕಂಡರೆ ಅದು ಅವನ ತಪ್ಪಲ್ಲ. ಆದರೆ ನಾವು ಅದನ್ನು ತಿದ್ದದೆ ಬಿಟ್ಟರೆ ಅದು ನಮ್ಮ ತಪ್ಪು.

ಯುದ್ಧದ ಮೇಲೆ ಹಾಸಿದ ಓಟದ ಹಾದಿ

ಈ ಆರು ಜನ ಮುಂಬಯಿ ಬಂದರು ಬಿಟ್ಟು, ವಾರಗಟ್ಟಲೆ ಹಡಗಿನಲ್ಲಿ ಪ್ರಯಾಣ ಮಾಡಿ ಯುರೋಪು ಸೇರಿದರು. ದೂರದ ಓಟಗಾರನಿಗೆ ಹಡಗಿನ ಪ್ರಯಾಣ ಎಂದರೇನೆಂದು ಯೋಚಿಸಿ. ಡೆಕ್ಕಿನ ಮೇಲೆ ಎಷ್ಟು ದೂರ ಓಡಬಹುದು? ಊಟ ಬೇರೆ, ನೀರು ಬೇರೆ, ಕಾಲ ಕೆಳಗಿನ ನೆಲವೇ ತೂಗುತ್ತಿರುತ್ತದೆ. ಅತ್ತ ಅವರು ಪರದೇಶದಲ್ಲಿದ್ದಾಗ, ಆಗಸ್ಟ್ 1ರಂದು ಇತ್ತ ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಅದೇ ದಿನ ಗಾಂಧೀಜಿಯವರ ಅಸಹಕಾರ ಚಳವಳಿಯೂ ಆರಂಭವಾಯಿತು. ಒಂದೆಡೆ ದೇಶ ಬ್ರಿಟಿಷರೊಡನೆ ಸಹಕರಿಸುವುದಿಲ್ಲ ಎಂದು ಸಾರುತ್ತಿತ್ತು. ಇನ್ನೊಂದೆಡೆ ಬ್ರಿಟಿಷ್ ಗವರ್ನರನ ಒಪ್ಪಿಗೆ ಪಡೆದು ಹೋದ ತಂಡ ‘ಭಾರತ’ ಎಂಬ ಹೆಸರಿನಲ್ಲಿ ಮೈದಾನಕ್ಕೆ ಇಳಿಯಲಿತ್ತು. ಇತಿಹಾಸ ಹೀಗೆ ಒಂದೇ ತಿಂಗಳಲ್ಲಿ ಎರಡು ದಿಕ್ಕಿಗೆ ನಡೆಯುವುದುಂಟು.

ಆಂಟ್‌ವರ್ಪ್ ಊರೂ ಸಾಧಾರಣ ಊರಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ 1914ರಿಂದ 1918ರವರೆಗೆ ಅದು ಜರ್ಮನ್ ಸೇನೆಯ ವಶದಲ್ಲಿತ್ತು. 1916ರಲ್ಲಿ ಬರ್ಲಿನ್ನಿನಲ್ಲಿ ನಡೆಯಬೇಕಿದ್ದ ಒಲಿಂಪಿಕ್ಸ್ ಯುದ್ಧದಿಂದಾಗಿ ರದ್ದಾಗಿತ್ತು. ಬೆಲ್ಜಿಯಂ ಪಟ್ಟ ಕಷ್ಟಕ್ಕೆ ಗೌರವವೆಂಬಂತೆ 1920ರ ಕೂಟವನ್ನು ಆ ದೇಶಕ್ಕೆ ಕೊಟ್ಟರು. ಯುದ್ಧದಲ್ಲಿ ಸೋತ ಜರ್ಮನಿ, ಆಸ್ಟ್ರಿಯ, ಹಂಗೇರಿ, ಬಲ್ಗೇರಿಯ, ತುರ್ಕಿ ದೇಶಗಳಿಗೆ ಆಮಂತ್ರಣವೇ ಹೋಗಲಿಲ್ಲ. ಐದು ಉಂಗುರಗಳ ಒಲಿಂಪಿಕ್ ಧ್ವಜ ಒಲಿಂಪಿಕ್ ಕ್ರೀಡಾಕೂಟದಲ್ಲಿ ಹಾರಿದ್ದೂ, ಕ್ರೀಡಾಳುಗಳ ಪರವಾಗಿ ಪ್ರತಿಜ್ಞೆ ಮಾಡಿದ್ದೂ ಅಲ್ಲಿಯೇ ಮೊದಲು.

ಆರು ವರ್ಷಗಳ ಹಿಂದೆ, 1914ರ ಶರತ್ಕಾಲದಲ್ಲಿ, ಸಾವಿರಾರು ಭಾರತೀಯ ಸಿಪಾಯಿಗಳು ಇದೇ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಕೆಸರಿನ ಕಂದಕಗಳಲ್ಲಿ ಹೋರಾಡಿದ್ದರು. ಬೇರೆಯವರ ಯುದ್ಧಕ್ಕಾಗಿ ಅಲ್ಲಿ ಸತ್ತವರ ಹೆಸರುಗಳನ್ನು ಇಂದಿಗೂ ಈಪ್ರ್‌ನ ಮೆನಿನ್ ಹೆಬ್ಬಾಗಿಲಿನ ಗೋಡೆಗಳ ಮೇಲೆ ಓದಬಹುದು. ಆ ದೇಶಕ್ಕೆ ಈಗ ಭಾರತದಿಂದ ಬಂದೂಕಿಲ್ಲದೆ ಆರು ಜನ ಬಂದಿದ್ದರು. ಮೆರವಣಿಗೆಯಲ್ಲಿ ಬ್ಯಾನರ್ಜಿ ಧ್ವಜ ಹಿಡಿದು ನಡೆದರು. ಆ ಧ್ವಜ ನಮ್ಮದಾಗಿರಲಿಲ್ಲ. ಮೆರವಣಿಗೆಯ ಪಟ್ಟಿಯಲ್ಲಿದ್ದ ದೇಶದ ಹೆಸರು ಮಾತ್ರ ನಮ್ಮದು.

2 ಗಂಟೆ 50 ನಿಮಿಷ 45 ಸೆಕೆಂಡು

ಚೌಗುಲೆಯವರ ಹೆಸರು 10,000 ಮೀಟರ್ ಓಟದಲ್ಲೂ ಇತ್ತು. ಅದರಲ್ಲಿ ಅವರು ಅಂತಿಮ ಸುತ್ತಿಗೆ ಬರಲಿಲ್ಲ. ಆ ಓಟವನ್ನು ಗೆದ್ದವನು ಫಿನ್‌ಲೆಂಡಿನ ಪಾವೊ ನುರ್ಮಿ. ಮುಂದೆ ಜಗತ್ತಿನ ಮಹಾ ಓಟಗಾರರಲ್ಲಿ ಒಬ್ಬನೆನಿಸಿದ ವೀರ. ಅದೇ ವಾರದ ರವಿವಾರ ಮ್ಯಾರಥಾನ್.

ಈಗ ದೂರದ ಲೆಕ್ಕ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಎಂದು ನೀವು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಆದರೆ ಆ ಅಳತೆ ಖಾಯಂ ಆದದ್ದು 1921ರಲ್ಲಿ. ಅದಕ್ಕೆ ಮೊದಲು ಊರಿಗೊಂದು ಅಳತೆ ಇತ್ತು. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸುಮಾರು 40.2 ಕಿಲೋಮೀಟರ್ ಇದ್ದರೆ, 1920ರಲ್ಲಿ ಆಂಟ್‌ವರ್ಪ್‌ನಲ್ಲಿ 42.75 ಕಿಲೋಮೀಟರ್. ಒಲಿಂಪಿಕ್ ಇತಿಹಾಸದಲ್ಲಿ ಇದಕ್ಕಿಂತ ಉದ್ದದ ಮ್ಯಾರಥಾನ್ ಇನ್ನೊಂದಿಲ್ಲ. ನಮ್ಮವರು ಮೊದಲ ಬಾರಿ ಹೋದದ್ದೇ ಅತಿ ಉದ್ದದ ಓಟಕ್ಕೆ.

ಗೆದ್ದವನು ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನೆನ್. ಅವನ ಸಮಯ 2 ಗಂಟೆ 32 ನಿಮಿಷ 35.8 ಸೆಕೆಂಡು. ಎಸ್ಟೋನಿಯದ ಯೂರಿ ಲೋಸ್‌ಮನ್ ಕೇವಲ 13 ಸೆಕೆಂಡು ಹಿಂದೆ ಎರಡನೆಯವನಾಗಿ ಬಂದ. ಇಟಲಿಯ ವಲೇರಿಯೊ ಆರ್ರಿ ಮೂರನೆಯವನು. ಕೊಲೆಹ್ಮೈನೆನ್ ಯಾರು ಗೊತ್ತೇ? 1912ರ ಒಲಿಂಪಿಕ್ಸ್‌ನಲ್ಲೇ ಮೂರು ಚಿನ್ನದ ಪದಕ ಗೆದ್ದಿದ್ದವನು. ಬಳಿಕ ಅಮೆರಿಕದಲ್ಲಿ ನೆಲೆಸಿ, ಇಟ್ಟಿಗೆ ಕಟ್ಟುವ ಗೌಂಡಿ ಕೆಲಸ ಮಾಡುತ್ತ, ಅಲ್ಲಿಯ ಮ್ಯಾರಥಾನ್‌ಗಳಲ್ಲಿ ಓಡಿ ಪಳಗಿದ್ದವನು. ಅವನೂ ದುಡಿಯುವ ಕೈಯವನೇ. ಆದರೆ ಅವನ ಬೆನ್ನಿಗೆ ದೊಡ್ಡ ಓಟಗಳ ಎಂಟು ವರ್ಷಗಳ ಅನುಭವವಿತ್ತು.

ಪೆನ್ಸಿಲು ಕೈಗೆತ್ತಿಕೊಳ್ಳಿ. ಚೌಗುಲೆಯವರ ಸಮಯವನ್ನು ಸೆಕೆಂಡಿಗೆ ಬದಲಿಸಿದರೆ 10,245. ಅದನ್ನು 42.75ರಿಂದ ಭಾಗಿಸಿ. ಒಂದು ಕಿಲೋಮೀಟರಿಗೆ ಸುಮಾರು 239.6 ಸೆಕೆಂಡು, ಅಂದರೆ 4 ನಿಮಿಷಕ್ಕೆ ಕೂದಲೆಳೆಯಷ್ಟು ಕಡಿಮೆ. ನಿಮ್ಮ ಕ್ರೀಡಾಂಗಣದ 400 ಮೀಟರ್ ಸುತ್ತನ್ನು 96 ಸೆಕೆಂಡಿನಲ್ಲಿ ಮುಗಿಸಿ, ಹಾಗೆಯೇ ಹೆಚ್ಚುಕಡಿಮೆ 107 ಸುತ್ತು ಹಾಕಿದಂತೆ. ಕೊಲೆಹ್ಮೈನೆನ್ ಗುರಿ ಮುಟ್ಟಿದಾಗ ಚೌಗುಲೆ ಸರಾಸರಿ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಹಿಂದಿದ್ದರು. ಆ ಹೊತ್ತಿಗೆ ಅವರು 38 ಕಿಲೋಮೀಟರ್ ಓಡಿ ಆಗಿತ್ತು. ಗೆದ್ದವನಿಗಿಂತ ನೂರಕ್ಕೆ 12ರಷ್ಟು ಹೆಚ್ಚು ಸಮಯ. ವ್ಯತ್ಯಾಸ ಇಷ್ಟೇ.

ಈ ಸಂಗತಿಯನ್ನು ಕಿರುತೆರೆಯ ಮೇಲೆ ಹೇಗೆ ತೋರಿಸುವುದು ಎಂದು ನಾವು ಬಹಳ ಯೋಚಿಸಿದೆವು. ಕೊನೆಗೆ ಒಂದು ರವಿವಾರ ಬೆಳಿಗ್ಗೆ, ಧಾರವಾಡದ ಹೊರವಲಯದ ಖಾಲಿ ರಸ್ತೆಯಲ್ಲಿ, ಜೀಪನ್ನು ಗಂಟೆಗೆ ಸರಿಯಾಗಿ 15 ಕಿಲೋಮೀಟರ್ ವೇಗದಲ್ಲಿ ನಡೆಸಿ, ಅದರ ಪಕ್ಕದಲ್ಲಿ ಕಾಲೇಜಿನ ಒಬ್ಬ ಹುಡುಗನನ್ನು ಓಡಲು ಬಿಟ್ಟೆವು. ತನ್ನ ಕಾಲೇಜಿನ ಒಳ್ಳೆಯ ಓಟಗಾರ. ಒಳ್ಳೆಯ ಬೂಟು, ತಂಪು ಹವೆ, ನುಣುಪಾದ ಡಾಂಬರು. ಮೊದಲ ಕಿಲೋಮೀಟರ್ ನಗುನಗುತ್ತ ಓಡಿದ. ಮೂರನೆಯದರಲ್ಲಿ ನಗು ನಿಂತಿತು. ಆರನೆಯದರ ಕೊನೆಗೆ ಕೈಯೆತ್ತಿ ರಸ್ತೆಯ ಅಂಚಿನಲ್ಲಿ ಕುಳಿತ. ನೀರು ಕುಡಿದು, ಉಸಿರು ಬಂದ ಮೇಲೆ ಅವನು ಕೇಳಿದ: ‘ಸರ, ಅವರು ಇನ್ನೂ ಎಷ್ಟು ಓಡಿದ್ರು?’ ಇನ್ನೂ 36 ಕಿಲೋಮೀಟರ್ ಮತ್ತು ಮೇಲಷ್ಟು ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ‘19’ ಎಂದರೆ ಎಷ್ಟು ಎಂಬುದು ಆ ಮೌನದಲ್ಲಿ ನನಗೂ ತಿಳಿಯಿತು.

ದೇಹದೊಳಗಿನ ಲೆಕ್ಕ

ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಮಾತು. ನಮ್ಮ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹವಿರುತ್ತದೆ. ವೇಗದ ಓಟಕ್ಕೆ ಅದೇ ಮುಖ್ಯ ಇಂಧನ. ಸಾಧಾರಣವಾಗಿ 30 ಕಿಲೋಮೀಟರಿನ ಆಸುಪಾಸಿನಲ್ಲಿ ಅದು ಬರಿದಾಗುತ್ತ ಬರುತ್ತದೆ. ಆಗ ದೇಹ ಕೊಬ್ಬನ್ನು ಹೆಚ್ಚು ಉರಿಸಬೇಕಾಗುತ್ತದೆ. ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನವಾಗಿ ಉರಿಯುವ ಕಟ್ಟಿಗೆ. ಕಾಲು ಭಾರವಾಗುತ್ತದೆ, ತಲೆ ಮಂಕಾಗುತ್ತದೆ. ಓಟಗಾರರು ಇದನ್ನು ‘ಗೋಡೆಗೆ ಡಿಕ್ಕಿ ಹೊಡೆಯುವುದು’ ಎನ್ನುತ್ತಾರೆ.

ಇಂದು ಓಟದ ನಡುನಡುವೆ ಸಕ್ಕರೆಯ ಪಾನಕ, ಉಪ್ಪಿನ ನೀರು ಕೊಡುತ್ತಾರೆ. 1920ರಲ್ಲಿ ಈ ವಿದ್ಯೆ ಇರಲಿಲ್ಲ. ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟಗಾರರ ರಕ್ತ ಪರೀಕ್ಷಿಸಿ, ದಣಿದು ಕುಸಿದವರ ರಕ್ತದಲ್ಲಿ ಸಕ್ಕರೆ ಇಳಿದಿರುತ್ತದೆ ಎಂದು ವೈದ್ಯರು ಕಂಡುಕೊಂಡದ್ದು 1924ರಲ್ಲಿ. ಮರುವರ್ಷ ಓಟಗಾರರಿಗೆ ಮಿಠಾಯಿ ತಿನ್ನಿಸಿ ನೋಡಿದಾಗ ಅವರು ಚುರುಕಾಗಿ ಓಡಿದರು. ನಮ್ಮ ಅಜ್ಜಿಯಂದಿರು ಬಿಸಿಲಿನಿಂದ ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಇರಲಿ. ಚೌಗುಲೆ ಓಡಿದ್ದು ಇಂಥ ಜ್ಞಾನ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು. ಅಂದು ಹಲವರು ಅರ್ಧಕ್ಕೇ ಓಟ ಬಿಟ್ಟರು, ಅವರಲ್ಲಿ ನಮ್ಮ ದಾತಾರರೂ ಒಬ್ಬರು. ಚೌಗುಲೆ ಬಿಡಲಿಲ್ಲ.

ಇನ್ನು ಬರಿಗಾಲಿನ ವಿಚಾರ. ಪುಣೆಯ ಮೈದಾನದಲ್ಲಿ ಬರಿಗಾಲಲ್ಲಿ ಓಡಿದವರನ್ನು ಕಂಡು ಅಂದಿನ ದೊಡ್ಡವರು ಅಯ್ಯೋ ಎಂದಿರಬಹುದು. ಆದರೆ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಲ್ಲೇ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ. ಬರಿಗಾಲು ಅಸಾಮರ್ಥ್ಯದ ಗುರುತಲ್ಲ ಎಂಬುದು ಜಗತ್ತಿಗೆ ಆಗ ತಿಳಿಯಿತು.

ಮೊದಲ ಸ್ಥಾನವೂ ಒಂದು ಅಂಕಿಯೇ

ಹತ್ತೊಂಬತ್ತು ಎಂಬ ಅಂಕಿ ಒಂದು ಸಾಧನೆಯನ್ನು ಮುಚ್ಚಿಡಬಲ್ಲದು ಎಂದಾಯಿತು. ಹಾಗಾದರೆ ಒಂದು ಎಂಬ ಅಂಕಿ ಎಲ್ಲವನ್ನೂ ಹೇಳುತ್ತದೆಯೇ? ಇದಕ್ಕೆ ಉತ್ತರ ಬೇಕಾದರೆ ಆಂಟ್‌ವರ್ಪ್‌ಗೆ ಕರೆಯಿಲ್ಲದೆ ಹೊರಗೆ ಉಳಿದ ಜರ್ಮನಿಯತ್ತ ಒಮ್ಮೆ ನೋಡಬೇಕು. ಅದೇ ಜರ್ಮನಿ 1936ರಲ್ಲಿ, ಹಿಟ್ಲರನ ಆಡಳಿತದಲ್ಲಿ, ಚಳಿಗಾಲದ ಮತ್ತು ಬೇಸಿಗೆಯ ಎರಡೂ ಒಲಿಂಪಿಕ್ಸ್‌ಗಳನ್ನು ನಡೆಸಿತು. ಗಾರ್ಮಿಷ್-ಪಾರ್ಟೆನ್‌ಕಿರ್ಶೆನ್ ಎಂಬ ಹಿಮದೂರಿನಲ್ಲಿ ಚಳಿಗಾಲದ ಕೂಟ. ಕ್ರಿಸ್ಟಲ್ ಕ್ರಾಂಟ್ಸ್ ಎಂಬ ಜರ್ಮನ್ ತರುಣಿ ಹಿಮದ ಇಳಿಜಾರಿನ ಸ್ಕೀ ಓಟದ ಮೊದಲ ದಿನ ಜಾರಿ ಬಿದ್ದು ಆರನೆಯವಳಾದಳು. ಮರುದಿನ ತಿರುವುಗಳ ಓಟದಲ್ಲಿ ಎಲ್ಲರನ್ನೂ ಬಹಳ ಹಿಂದೆ ಹಾಕಿ, ಎರಡೂ ದಿನಗಳ ಲೆಕ್ಕ ಕೂಡಿಸಿದಾಗ ಚಿನ್ನ ಗೆದ್ದಳು. ಮೊದಲ ದಿನದ ‘6’ ಎಂಬ ಅಂಕಿಯನ್ನಷ್ಟೇ ನೋಡಿದ್ದರೆ ಅವಳು ಸೋತವಳು.

ಆದರೆ ಅವಳ ‘1’ ಕೂಡ ಪೂರ್ತಿ ಸತ್ಯವಲ್ಲ. ಆ ಪದಕಗಳನ್ನೆಲ್ಲ ಆಗಿನ ಜರ್ಮನ್ ಸರ್ಕಾರ ತನ್ನ ಜನಾಂಗದ ಹಿರಿಮೆಯ ಸಾಕ್ಷಿಯೆಂದು ಡಂಗುರ ಸಾರಿತು. ಅದೇ ವರ್ಷದ ಬೇಸಿಗೆಯಲ್ಲಿ ಗ್ರೆಟಲ್ ಬರ್ಗ್‌ಮನ್ ಎಂಬ ಯೆಹೂದಿ ಹುಡುಗಿ 1.60 ಮೀಟರ್ ಎತ್ತರ ಜಿಗಿದು ಜರ್ಮನಿಯ ದಾಖಲೆಯನ್ನು ಸರಿಗಟ್ಟಿದಳು. ಆದರೂ ಯೆಹೂದಿ ಎಂಬ ಒಂದೇ ಕಾರಣಕ್ಕೆ ಅವಳನ್ನು ತಂಡದಿಂದ ಹೊರಗಿಟ್ಟರು. ಬರ್ಲಿನ್ ಒಲಿಂಪಿಕ್ಸ್‌ನ ಪಟ್ಟಿಯಲ್ಲಿ ಅವಳಿಗೆ ಯಾವ ಸ್ಥಾನವೂ ಇಲ್ಲ, ಕೊನೆಯ ಸ್ಥಾನ ಕೂಡ. ಸ್ಥಾನ ಸಿಗಬೇಕಾದರೆ ಮೊದಲು ಓಡಲು, ಜಿಗಿಯಲು ಅವಕಾಶ ಸಿಗಬೇಕು. ನೂರು ಸಲ ಸೋತರೂ ಪರವಾಗಿಲ್ಲ, ಓಡಲು ಬಿಡುವುದು ಮುಖ್ಯ. ಈ ದೃಷ್ಟಿಯಿಂದ ನೋಡಿದರೆ, ಪರತಂತ್ರ ದೇಶದ ರೈತಾಪಿ ಓಟಗಾರರಿಗೆ ಜಗತ್ತಿನ ಗೆರೆಯ ಮೇಲೆ ನಿಲ್ಲಲು ಸಿಕ್ಕ ಆ 1920ರ ಅವಕಾಶ ಎಷ್ಟು ದೊಡ್ಡದೆಂದು ಅರ್ಥವಾಗುತ್ತದೆ.

ಆಮೇಲೆ ಆದದ್ದು

ಆಂಟ್‌ವರ್ಪ್‌ನಲ್ಲಿ ಭಾರತಕ್ಕೆ ಪದಕ ಬರಲಿಲ್ಲ. ಕುಸ್ತಿಯಲ್ಲಿ ರಣಧೀರ್ ಶಿಂಧೆ ನಾಲ್ಕನೆಯವರಾಗಿ ಕಂಚಿನ ಹೊಸ್ತಿಲಲ್ಲಿ ನಿಂತರು. ಆದರೆ ಬಾಗಿಲು ತೆರೆದಿತ್ತು. ದೊರಾಬ್ಜಿ ಟಾಟಾ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. 1924ರಲ್ಲಿ ಪ್ಯಾರಿಸ್‌ಗೆ ಮತ್ತೊಂದು ತಂಡ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಯಿತು, ದೊರಾಬ್ಜಿಯವರೇ ಅದರ ಮೊದಲ ಅಧ್ಯಕ್ಷರು. ಮರುವರ್ಷ, 1928ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು. ಧ್ಯಾನ್‌ಚಂದ್ ಅವರ ಹೆಸರು ನಿಮಗೆಲ್ಲ ಗೊತ್ತು. ಆ ಚಿನ್ನದ ಕಟ್ಟಡದ ಅಡಿಪಾಯದಲ್ಲಿ ಬೆಳಗಾವಿಯ ಒಂದು ಕಲ್ಲೂ ಇದೆ.

ಮ್ಯಾರಥಾನ್ ಮಾತೇನು? ಸ್ವತಂತ್ರ ಭಾರತದ ಪರವಾಗಿ ಸೂರತ್ ಸಿಂಗ್ ಮಾಥುರ್ 1952ರ ಹೆಲ್ಸಿಂಕಿಯಲ್ಲಿ ಓಟ ಪೂರೈಸಿದಾಗ ಅವರ ಸಮಯ ಮೂರು ಗಂಟೆಗೆ ಸ್ವಲ್ಪವೇ ಕಡಿಮೆ. ಅದೂ ದೊಡ್ಡ ಸಾಧನೆಯೇ. ಆದರೆ 32 ವರ್ಷ ಮೊದಲು, ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ ದಾರಿಯಲ್ಲಿ, ಚೌಗುಲೆ ಅದಕ್ಕಿಂತ ಬೇಗ ಗುರಿ ಮುಟ್ಟಿದ್ದರು ಎಂಬುದನ್ನು ಮರೆಯಬಾರದು. 1976ರ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ ಹನ್ನೊಂದನೆಯವರಾಗಿ ಬಂದರು. ಆ ಹೊತ್ತಿಗೆ ಆಂಟ್‌ವರ್ಪ್ ಓಟ ಮುಗಿದು 56 ವರ್ಷಗಳಾಗಿದ್ದವು.

ಈಗ ನಮ್ಮ ಅಂಕಿಗೆ ಘಟಕಗಳನ್ನು ಸೇರಿಸಿ ಮತ್ತೊಮ್ಮೆ ಬರೆಯೋಣ. ಬರ ಮತ್ತು ಮಹಾಮಾರಿ ಕಂಡ ನಾಡಿನಿಂದ, ಸ್ವಂತ ಧ್ವಜವಿಲ್ಲದ ದೇಶದಿಂದ, ವಾರಗಟ್ಟಲೆ ಸಮುದ್ರ ದಾಟಿ, ದೊಡ್ಡ ಓಟಗಳ ಅನುಭವವಿಲ್ಲದೆ, ಒಲಿಂಪಿಕ್ಸ್‌ನ ಅತಿ ಉದ್ದದ ಮ್ಯಾರಥಾನ್‌ನಲ್ಲಿ, ಮೊದಲ ಪ್ರಯತ್ನದಲ್ಲೇ, 19. ಈಗ ಅದು ಬದನೆಕಾಯಿಯಲ್ಲ.

ನಿಮಗೊಂದು ಕೆಲಸ

ಪ್ರತಿ ವರ್ಷ ಫಲಿತಾಂಶ ಬಂದಾಗ ನಿಮ್ಮ ಕೈಗೂ ಒಂದು ಅಂಕಿ ಬರುತ್ತದೆ. ರ‍್ಯಾಂಕು, ಶೇಕಡಾವಾರು, ದರ್ಜೆ ಇತ್ಯಾದಿ. ಅದನ್ನು ಹಗುರಾಗಿ ಕಾಣಿ ಎಂದು ನಾನು ಹೇಳಲಾರೆ; ಗಡಿಯಾರ ಸುಳ್ಳು ಹೇಳುವುದಿಲ್ಲ, ಕೊಲೆಹ್ಮೈನೆನ್ 18 ನಿಮಿಷ ಮುಂದೆ ಬಂದದ್ದೂ ಸತ್ಯವೇ. ಆದರೆ ನಿಮ್ಮ ಅಂಕಿಯಾಗಲಿ, ನಿಮ್ಮ ಪಕ್ಕದ ಬೆಂಚಿನ ಗೆಳೆಯನ ಅಂಕಿಯಾಗಲಿ, ಅದರ ಘಟಕ ಕೇಳದೆ ತೀರ್ಪು ಕೊಡಬೇಡಿ. ಬೆಳಿಗ್ಗೆ ಹಾಲು ಹಾಕಿ ಬಂದು ಪರೀಕ್ಷೆ ಬರೆದವನ 60ಕ್ಕೂ ಮನೆಯಲ್ಲಿ ಪ್ರತ್ಯೇಕ ಕೋಣೆ ಇದ್ದವನ 60ಕ್ಕೂ ಅಂಕಿ ಒಂದೇ, ಘಟಕ ಬೇರೆ.

ಇನ್ನೊಂದು ಕೆಲಸವನ್ನೂ ಮಾಡಿ. ನಿಮ್ಮ ಊರಿನಲ್ಲಿ, ಓಣಿಯಲ್ಲಿ, ಹಿಂದೊಮ್ಮೆ ಓಡಿದವರು, ಕುಸ್ತಿ ಆಡಿದವರು, ಈಜಿದವರು ಯಾರಾದರೂ ಇದ್ದಾರೆಯೇ ವಿಚಾರಿಸಿ. ಅವರ ಮನೆಯ ಗೋಡೆಯ ಮೇಲೆ ಮಸುಕಾದ ಪ್ರಮಾಣಪತ್ರವೊಂದು ತೂಗುತ್ತಿರಬಹುದು. ಅದರ ಮೇಲಿನ ಅಂಕಿಯನ್ನು ಬರೆದುಕೊಳ್ಳಿ. ಬಳಿಕ ಕುಳಿತು ಕೇಳಿ: ಯಾವ ವರ್ಷ, ಯಾವ ಮೈದಾನ, ಹೇಗೆ ಹೋದಿರಿ, ಏನು ಉಂಡಿದ್ದಿರಿ, ಕಾಲಲ್ಲಿ ಏನಿತ್ತು? ಅವರ ಹೆಸರನ್ನು ಕಾಗುಣಿತ ತಪ್ಪದೆ ಬರೆಯಿರಿ. ಇತಿಹಾಸ ಬರೆಯುವುದು ಎಂದರೆ ಬಹುಮಟ್ಟಿಗೆ ಇಷ್ಟೇ.

ಮುಂದಿನ ಸಲ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತು ಗಡಿಯಾರ ನೋಡಿಕೊಳ್ಳಿ. ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷ. ಉಣಕಲ್ ದಾಟಲಿ, ನವಲೂರು ದಾಟಲಿ, ತಿರುಗಿ ಬರಲಿ, ಅದೇ ನಾಲ್ಕು ನಿಮಿಷ. ಆ ವೇಗದಲ್ಲಿ ನಿಮ್ಮ ಬಸ್ಸಿನ ಪಕ್ಕದಲ್ಲಿ ಒಬ್ಬ ತರುಣ ಓಡುತ್ತಿದ್ದಾನೆ ಎಂದು ಕಲ್ಪಿಸಿಕೊಳ್ಳಿ. ಬಸ್ಸು ಮುಂದೆ ಹೋಗುತ್ತದೆ, ಅವನು ಹಿಂದೆ ಉಳಿಯುತ್ತಾನೆ. ಆದರೆ ನಿಲ್ಲುವುದಿಲ್ಲ.